ನಾಲ್ಕನೆಯ ಅಂಕಿಬಲ್ಬು

ಹುಣಸೂರಿನಲ್ಲಿ ನನ್ನದೊಂದು ರೇಡಿಯೊ, ಟಿ.ವಿ. ರಿಪೇರಿ ಅಂಗಡಿ ಇದೆ. ಈಗ ಅಲ್ಲಿಗೆ ಬರುವುದು ಮಿಕ್ಸಿ, ಎಮರ್ಜೆನ್ಸಿ ಲೈಟು, ಯಾವಾಗಲೋ ಒಂದು ಟೇಪ್ ರೆಕಾರ್ಡರ್. ಕೆಲವು ವರ್ಷಗಳ ಹಿಂದೆ ಒಂದು ದಿನ ಗುಜರಿಯವನು ಕಬ್ಬಿಣದ ಪೆಟ್ಟಿಗೆಯೊಂದನ್ನು ತಂದು, ‘ಇದ್ರಲ್ಲಿ ತಾಮ್ರ ಐತಾ ನೋಡಿ ಸಾರ್’ ಎಂದು ಮೇಜಿನ ಮೇಲಿಟ್ಟ. ಯಾವುದೋ ಪ್ರಯೋಗಾಲಯದಿಂದ ಹೊರಬಿದ್ದ ಹಳೆಯ ಅಳತೆಯ ಯಂತ್ರ. ಮುಚ್ಚಳ ಬಿಚ್ಚಿದರೆ ಹೆಬ್ಬೆರಳು ದಪ್ಪದ ಗಾಜಿನ ಬಲ್ಬುಗಳು ಸಾಲಾಗಿ ನಿಂತಿದ್ದವು. ಒಂದೊಂದರ ಒಳಗೂ ಸೊನ್ನೆಯಿಂದ ಒಂಬತ್ತರವರೆಗೆ ತೆಳು ತಗಡಿನ ಅಂಕಿಗಳು, ಒಂದರ ಹಿಂದೆ ಒಂದು. ಒಂದನ್ನು ಬಿಟ್ಟು ಮಿಕ್ಕವೆಲ್ಲ ಒಡೆದಿದ್ದವು. ಉಳಿದ ಆ ಒಂದಕ್ಕೆ ಕರೆಂಟು ಕೊಟ್ಟೆ. ಏಳರ ಅಂಕಿ ಹೊತ್ತಿಕೊಂಡಿತು. ಊದಿದ ಕೆಂಡದ ಬಣ್ಣ. ಅಂಕಿಯ ಸುತ್ತ ಬೆಳಕು ತೆಳ್ಳಗೆ ಅಂಟಿಕೊಂಡು ನಿಂತಿತ್ತು.

ಹೆಂಡತಿ ತೀರಿಕೊಂಡು ಒಂದು ವರ್ಷವಾಗಿತ್ತು. ಅಷ್ಟು ದಿನ ಯಾವುದರ ಮೇಲೂ ಮನಸ್ಸು ನಿಂತಿರಲಿಲ್ಲ. ಅಂದು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಆ ಏಳನ್ನೇ ನೋಡುತ್ತ ಕೂತೆ. ಇಂಥ ನಾಲ್ಕು ಬಲ್ಬುಗಳನ್ನು ನಾನೇ ಮಾಡಿ ಗಡಿಯಾರ ಕಟ್ಟಬೇಕು ಅನ್ನಿಸಿತು. ಗಂಟೆಗೆ ಎರಡು, ನಿಮಿಷಕ್ಕೆ ಎರಡು.

ತಂತಿ, ಸರ್ಕಿಟ್ಟು ನನಗೆ ಗೊತ್ತು. ಗಾಜು ಗೊತ್ತಿಲ್ಲ. ವಿಚಾರಿಸಿದಾಗ ಕಂಪಲಾಪುರದ ಹತ್ತಿರ ಒಬ್ಬರಿದ್ದಾರೆ ಎಂದು ಯಾರೋ ಹೇಳಿದರು. ಮೈಸೂರಿನ ಅಂಗಡಿ, ಟಾಕೀಸುಗಳಿಗೆ ಬಣ್ಣದ ಬೆಳಕಿನ ಬೋರ್ಡು ಮಾಡಲು ಮೂವತ್ತು ವರ್ಷ ಗಾಜು ಬಗ್ಗಿಸಿದವರು. ಎಲ್‌ಇಡಿ ಬಂದ ಮೇಲೆ ಕೆಲಸ ನಿಂತು ಊರಿಗೆ ಮರಳಿದವರು. ಬೈಕ್ ಹತ್ತಿ ಹೋದೆ. ತಂಬಾಕು ಒಣಗಿಸುವ ಬ್ಯಾರನ್ ಮುಂದೆ ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು.

ಬಂದ ಕೆಲಸ ಹೇಳಿದೆ. ಅವರು ತಲೆ ಎತ್ತಲಿಲ್ಲ. ‘ಅದೆಲ್ಲ ಮುಗ್ದೋಯ್ತು ಕಣಪ್ಪ. ಈಗ ಯಾರಿಗ್ ಬೇಕು ಗಾಜು?’

ಜೇಬಿನಿಂದ ಬಲ್ಬು ತೆಗೆದು ಕೊಟ್ಟೆ. ಸೊಪ್ಪಿನ ಅಂಟು ಹತ್ತಿ ಕಪ್ಪಾಗಿದ್ದ ಕೈಯನ್ನು ಪಂಚೆಗೆ ಒರೆಸಿಕೊಂಡು, ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಬುಡದಲ್ಲಿ ತಂತಿಗಳು ಗಾಜಿನೊಳಕ್ಕೆ ಇಳಿಯುವ ಕಡೆ ಬೆರಳಾಡಿಸಿದರು.

‘ಇದ್ನ ಮಾಡಿರೋನು ಪುಣ್ಯಾತ್ಮ’ ಎಂದರು. ಆಮೇಲೆ ಒಳಗೆ ಹೋಗಿ ಅಟ್ಟದಿಂದ ಒಂದು ಗೋಣಿಚೀಲ ಇಳಿಸಿದರು. ಬೆಂಕಿ ಊದುವ ಬರ್ನರ್, ಗಾಳಿ ಹೀರುವ ಪಂಪು, ಕೊನೆಯದಾಗಿ ಉಳಿದ ನಿಯಾನ್ ಗ್ಯಾಸಿನ ಸಿಲಿಂಡರ್, ಎಲ್ಲವನ್ನೂ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದರು.

ಹೀಗೆ ಶುರುವಾಯಿತು. ಭಾನುವಾರ ಬೆಳಿಗ್ಗೆ ನಾನು ಹೋಗುತ್ತಿದ್ದೆ. ವಾರವಿಡೀ ಅಂಗಡಿಯಲ್ಲಿ ಕೂತು ತಗಡಿನಿಂದ ಅಂಕಿಗಳನ್ನು ಕತ್ತರಿಸುತ್ತಿದ್ದೆ. ಎಂಟು ಕತ್ತರಿಸುವುದು ಕಷ್ಟ, ನಡು ತುಂಡಾಗಿಬಿಡುತ್ತದೆ. ಗಾಜಿಗೆ ಹೊಂದಿಕೊಳ್ಳುವ ತಂತಿಗಾಗಿ ಕೆಟ್ಟ ಬಲ್ಬುಗಳ ಬುಡ ಒಡೆದು ಆಯ್ದುಕೊಳ್ಳುತ್ತಿದ್ದೆ. ಅವರು ಆ ಅಂಕಿಗಳನ್ನು ಗಾಜಿನೊಳಗೆ ಇಳಿಸಿ, ಬುಡ ಕರಗಿಸಿ ಮುಚ್ಚುತ್ತಿದ್ದರು. ಅವರನ್ನು ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಅವರ ಹೆಂಡತಿಯನ್ನು ಅತ್ತಿಗೆ ಎಂದು.

ಬೆಂಕಿಯಿಂದ ತೆಗೆದ ಗಾಜು ಬೇಗ ತಣ್ಣಗಾಗಬಾರದು. ಮೇಲಿಂದ ನೋಡಿದರೆ ಸರಿಯಾಗೇ ಇರುತ್ತದೆ, ಒಳಗೆ ಬಿಗಿತ ಉಳಿದುಬಿಡುತ್ತದೆ, ಮತ್ತೆ ಬೆಂಕಿ ತಾಗಿದಾಗ ಒಡೆಯುತ್ತದೆ. ಅದಕ್ಕೆ ಅಣ್ಣ ಬ್ಯಾರನ್ ಒಲೆಯ ಬಿಸಿಬೂದಿಯನ್ನು ಕಬ್ಬಿಣದ ಡಬ್ಬಕ್ಕೆ ತುಂಬಿ, ಅದರಲ್ಲಿ ಗಾಜನ್ನು ಹೂತು, ಮುಚ್ಚಿಡುತ್ತಿದ್ದರು. ‘ಮೂರು ದಿನ ಮುಟ್ಬ್ಯಾಡ. ಬೂದಿ ತಾನಾಗೇ ಆರ್ಬೇಕು’ ಎನ್ನುತ್ತಿದ್ದರು. ಆರಿದ ಮೇಲೆ ಪಂಪಿಗೆ ಜೋಡಿಸಿ, ಗಾಳಿ ತೆಗೆದು, ನಿಯಾನ್ ತುಂಬಿ, ತುದಿ ಕರಗಿಸಿ ಮುಚ್ಚಿದರೆ ಬಲ್ಬು ಮುಗಿಯಿತು.

ಮುಗಿದವು ಕಡಿಮೆ. ಎಷ್ಟೋ ಬಿರುಕುಬಿಟ್ಟವು. ಕೆಲವು ಹೊತ್ತಿಕೊಂಡು, ವಾರದೊಳಗೆ ಗಾಳಿ ನುಸುಳಿ ನೇರಳೆ ಬಣ್ಣಕ್ಕೆ ತಿರುಗಿ ಸತ್ತವು. ಒಂದೂವರೆ ವರ್ಷದಲ್ಲಿ ನಿಂತದ್ದು ಮೂರು. ಮೊದಲನೆಯದು ಹೊತ್ತಿದ ದಿನ ಅಣ್ಣ ಸೊಪ್ಪಿನ ಕೆಲಸ ಬಿಟ್ಟು ಮಧ್ಯಾಹ್ನದವರೆಗೂ ಅದರ ಮುಂದೆ ಕೂತಿದ್ದರು. ಅತ್ತಿಗೆ ನನ್ನನ್ನು ಪಕ್ಕಕ್ಕೆ ಕರೆದು, ‘ಊರಿಗ್ ಬಂದ್ಮೇಲೆ ಮನೇಲಿ ಬಾಯೇ ಬುಡ್ತಿರ್ಲಿಲ್ಲ ಕಣಪ್ಪ. ನೀನ್ ಬಂದ್ಮೇಲೆ ಮಾತಾಡ್ತಾವ್ರೆ’ ಎಂದರು. ಭಾನುವಾರದ ಊಟ ಅಲ್ಲೇ ಆಗುತ್ತಿತ್ತು. ನನ್ನ ತಟ್ಟೆಗೆ ಮುದ್ದೆ ಹಾಕುವಾಗ ‘ವಾರವೆಲ್ಲ ಏನ್ ಉಂಡಿಯೋ’ ಎಂದು ಕೇಳುತ್ತಿದ್ದವರು ಅವರೊಬ್ಬರೇ.

ನಾಲ್ಕನೆಯದಕ್ಕೆ ಕೈ ಹಾಕಿದಾಗ ನಾನೊಂದು ತಪ್ಪು ಮಾಡಿದೆ. ನಮ್ಮ ಬೀದಿಯ ಶಾಲೆಯ ಮೇಷ್ಟರೊಬ್ಬರು ಗಡಿಯಾರದ ವಿಷಯ ಕೇಳಿ, ವಿಜ್ಞಾನದ ಪ್ರದರ್ಶನಕ್ಕೆ ಇಡಿ ಎಂದರು. ಆ ಬುಧವಾರವೇ ತರುತ್ತೇನೆ ಎಂದುಬಿಟ್ಟೆ. ನಾಲ್ಕು ಜನ ನೋಡಲಿ ಎಂಬ ಆಸೆ, ಅಷ್ಟೇ.

ಅಣ್ಣ ಭಾನುವಾರ ಗಾಜನ್ನು ಬೂದಿಗಿಟ್ಟಿದ್ದರು. ನಾನು ಮಂಗಳವಾರ ಬೆಳಿಗ್ಗೆಯೇ ಹೋದೆ. ಇಬ್ಬರೂ ಹೊಲಕ್ಕೆ ಹೋಗಿದ್ದರು. ಡಬ್ಬದ ಮುಚ್ಚಳ ತೆಗೆದೆ. ಮೇಲಿನ ಬೂದಿ ತಣ್ಣಗಿತ್ತು. ಬೆರಳು ಕೆಳಗಿಳಿಸಿದರೆ ಇನ್ನೂ ಸುಡುತ್ತಿತ್ತು. ಬಟ್ಟೆಯಲ್ಲಿ ಹಿಡಿದು ಗಾಜನ್ನು ಹೊರಗೆಳೆದೆ. ಒಂದು ಗೆರೆಯೂ ಇರಲಿಲ್ಲ. ನೆರಳಿನಲ್ಲಿಟ್ಟು, ಆರಿದ ಮೇಲೆ ಒರೆಸಿ, ಪಂಪಿನ ಹತ್ತಿರ ಇಟ್ಟೆ.

ಮಧ್ಯಾಹ್ನ ಹೊಲದಿಂದ ಅಣ್ಣ ಒಬ್ಬರೇ ಬಂದರು, ಗಾಜನ್ನು ನೋಡಿದರು. ‘ಯಾವಾಗ್ ತಗ್ದೆ? ಬೂದಿ ಆರಿತ್ತಾ?’

‘ಪೂರ್ತಿ ಆರಿತ್ತಣ್ಣ. ತಣ್ಣಗಿತ್ತು’ ಎಂದೆ.

ಅವರು ನಂಬಿದರು. ಗಾಳಿ ತೆಗೆದು, ಗ್ಯಾಸು ತುಂಬಿ, ಎಡಗೈಯಲ್ಲಿ ಬಲ್ಬಿಗೆ ಆಸರೆ ಕೊಟ್ಟು, ಬಲಗೈಯಲ್ಲಿ ಬೆಂಕಿಯನ್ನು ತುದಿಗೆ ಹಿಡಿದರು. ಪಟ್ ಎಂಬ ಶಬ್ದ ಬಂತು, ಅಷ್ಟೇನೂ ದೊಡ್ಡದಲ್ಲ. ಬಲ್ಬು ಅವರ ಅಂಗೈಯಲ್ಲೇ ಒಡೆದಿತ್ತು. ಉದ್ದನೆಯ ಚೂರೊಂದು ಬೆರಳುಗಳ ಬುಡದಲ್ಲಿ ಆಳಕ್ಕೆ ಇಳಿದಿತ್ತು. ಅವರು ಮೊದಲು ಮಾಡಿದ್ದು ಬರ್ನರ್ ಆರಿಸಿದ್ದು. ಆಮೇಲೆ ಕೈ ನೋಡಿಕೊಂಡರು.

ಪಿರಿಯಾಪಟ್ಟಣದ ಆಸ್ಪತ್ರೆಯಲ್ಲಿ ಕಟ್ಟುಹಾಕಿ ಮೈಸೂರಿಗೆ ಕಳಿಸಿದರು. ನರ ತುಂಡಾಗಿದೆ ಎಂದರು. ಆಪರೇಷನ್ ಆಯಿತು, ಗಾಯ ಮಾಯಿತು. ಕಿರುಬೆರಳು, ಉಂಗುರದ ಬೆರಳು ಮಡಚಲಿಲ್ಲ. ಗಾಜು ತಿರುಗಿಸುವವರಿಗೆ ಎರಡು ಕೈಯೂ ಒಂದೇ ಲಯದಲ್ಲಿ ತಿರುಗಬೇಕು. ಇನ್ನು ಅದು ಆಗುವ ಮಾತಲ್ಲ ಎಂದು ನನಗೂ ಗೊತ್ತಾಯಿತು, ಅವರಿಗೂ ಗೊತ್ತಾಯಿತು. ಮೂರು ಬಲ್ಬುಗಳ ಗಡಿಯಾರ ಅಂಗಡಿಯ ಕಪಾಟಿನಲ್ಲಿ ಉಳಿಯಿತು. ನಿಮಿಷದ ಕೊನೆಯ ಅಂಕಿಯ ಜಾಗ ಖಾಲಿ. ಮೇಷ್ಟರು ಕೇಳಿದಾಗ ಕೆಟ್ಟಿದೆ ಎಂದೆ.

ಎರಡು ತಿಂಗಳು ನಾನು ಆ ಕಡೆ ಹೋಗಲಿಲ್ಲ. ಫೋನಿನಲ್ಲಿ ಮಾತಾಡುತ್ತಿದ್ದೆ, ಕೆಲಸ ಜಾಸ್ತಿ ಎನ್ನುತ್ತಿದ್ದೆ. ಕೊನೆಗೆ ತಡೆಯಲಾಗದೆ ಎಲ್ಲ ಹೇಳಿಬಿಡೋಣ ಎಂದು ಹೊರಟೆ. ಅಣ್ಣ ಒಬ್ಬರೇ ಜಗುಲಿಯ ಮೇಲಿದ್ದರು. ‘ಅಣ್ಣ, ಅವತ್ತು ಬೂದಿ...’ ಎಂದು ಶುರುಮಾಡಿದೆ.

‘ಆರಿರ್ಲಿಲ್ಲ’ ಎಂದರು ಅವರು. ‘ಗೊತ್ತು ಬುಡು.’

ನಾನು ಜಗುಲಿಯ ಅಂಚಿಗೆ ಕೂತೆ.

‘ಚೂರು ನೋಡುದ್ರೆ ಗೊತ್ತಾಯ್ತದೆ ಕಣ್ಲಾ, ಯಾಕ್ ಒಡೀತು ಅಂತ. ಆಸ್ಪತ್ರೇಲಿ ಕೈಯಿಂದ ತಗ್ದ ಚೂರ್ನ ಇಸ್ಕೊಂಡ್ ನೋಡ್ದೆ.’

‘ಮತ್ತೆ ಯಾಕಣ್ಣ ಏನೂ ಹೇಳಲಿಲ್ಲ?’

‘ಏಳಿ ಏನ್ ಮಾಡ್ಲಿ? ಬೆರಳು ಮಡಚ್ತದಾ?’ ರಸ್ತೆಯ ಕಡೆ ನೋಡಿದರು. ‘ಅವಳ್ಗೆ, ನೀನ್ ಬರಾಕ್ ಮುಂಚೆ ನಾನೇ ಆತ್ರ ಬಿದ್ದು ಬೂದಿಯಿಂದ ತಗ್ದೆ ಅಂತ ಏಳಿವ್ನಿ. ಅದು ಅಂಗೇ ಇರ್ಲಿ. ನೀನು ಬಾಯ್ ಬುಡ್ಬ್ಯಾಡ. ಅವಳ್ಗೆ ಗೊತ್ತಾದ್ರೆ ನಿನ್ನ ಈ ಮನೆಗೆ ಸೇರ್ಸಾಕಿಲ್ಲ. ಆಮ್ಯಾಕೆ ನನ್ ಜೊತೆ ಮಾತಾಡೋರು ಯಾರು?’

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಾತು ಕೊಟ್ಟೆ. ಬೇರೆ ದಾರಿ ಇರಲಿಲ್ಲ.

ಈಗಲೂ ಭಾನುವಾರ ಹೋಗುತ್ತೇನೆ. ಗಾಜಿನ ಮಾತು ನಾವಿಬ್ಬರೂ ಎತ್ತುವುದಿಲ್ಲ. ಮಳೆ, ಸೊಪ್ಪಿನ ಹದ, ಊರಿನ ಸುದ್ದಿ. ಕಳೆದ ವಾರ ಊಟಕ್ಕೆ ಕೂತಾಗ ಅಣ್ಣ ಎಡಗೈಯಲ್ಲಿ ನೀರಿನ ಚೊಂಬು ಎತ್ತಲು ಹೋಗಿ ಜಾರಿಸಿದರು. ಅತ್ತಿಗೆ ನೆಲ ಒರೆಸುತ್ತ ನನ್ನ ಕಡೆ ತಿರುಗಿ, ‘ಮೊದ್ಲಿಂದ್ಲೂ ಇವ್ರಿಗೆ ಎಲ್ಲಾದಕ್ಕೂ ಆತ್ರ. ಮೂರು ದಿನ ಕಾಯಾಕಾಗ್ಲಿಲ್ಲ, ಕೈ ಕಳ್ಕೊಂಡ್ರು. ಬೂದಿಯಿಂದ ತಗ್ಯೋವಾಗ ನೀನಾದ್ರೂ ಇದ್ದಿದ್ರೆ ತಡೀತಿದ್ದೆ ಅಲ್ವೇನಪ್ಪ?’ ಎಂದರು.

ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. ನಾನು ‘ಹೂಂ ಅತ್ತಿಗೆ’ ಎಂದೆ. ಅವರು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟರು.