ಕುರಿಯ ಕಿವಿಯಿಂದ ಒಂದು ಹನಿ

ಸುಸ್ತಾಗಿದೆ ಎಂದು ಹೇಳಿಕೊಳ್ಳುವುದಕ್ಕೂ ಈಗೀಗ ಸುಸ್ತು. ಏಳು ವರ್ಷದಿಂದ ನನ್ನದು ಒಂದೇ ಕೆಲಸ. ಉಗುರಿನಗಲದ ಪ್ಲಾಸ್ಟಿಕ್ ಚಿಪ್, ಅದರೊಳಗೆ ಕೂದಲೆಳೆಯಷ್ಟು ಸಣ್ಣ ಕಾಲುವೆ, ಕಾಲುವೆಯ ತುದಿಯಲ್ಲಿ ಕಿಣ್ವ ಸವರಿದ ಎಲೆಕ್ಟ್ರೋಡ್. ಒಂದು ಹನಿ ರಕ್ತ ಬಿಟ್ಟರೆ ಚೂರೇ ಚೂರು ಕರೆಂಟು ಹರಿದು, ಅಂಗೈಯಗಲದ ಮೀಟರಿನಲ್ಲಿ ಸಂಖ್ಯೆ ಮೂಡಬೇಕು. ಚಿತ್ರದುರ್ಗದ ನಮ್ಮ ಲ್ಯಾಬಿನಲ್ಲಿ ಫ್ಯಾನ್ ಆರಿಸಿ, ಬಾಗಿಲು ಹಾಕಿಕೊಂಡು ಕೂತರೆ ಅದು ಹೇಳಿದ ಮಾತು ಕೇಳುತ್ತದೆ. ಹೊರಗೆ ಹೊರಟರೆ ಹಟಮಾರಿ ಮಗುವೇ.

ಅದನ್ನು ಮಾಡಿದ್ದು ಗಬ್ಬದ ಕುರಿಗಳಿಗಾಗಿ. ಹೊಟ್ಟೆಯಲ್ಲಿ ಎರಡು ಮರಿ ಇದ್ದರೆ ಈಯುವ ಹೊತ್ತಿಗೆ ತಾಯಿಗೆ ಶಕ್ತಿ ಸಾಲುವುದಿಲ್ಲ. ತನ್ನ ಕೊಬ್ಬನ್ನೇ ಕರಗಿಸಿಕೊಳ್ಳುತ್ತದೆ, ಕರಗಿದ್ದು ರಕ್ತದಲ್ಲಿ ವಿಷವಾಗುತ್ತದೆ, ಕುರಿ ಮೇವು ಬಿಟ್ಟು ಬಿದ್ದುಬಿಡುತ್ತದೆ. ಬಿದ್ದ ಮೇಲೆ ಉಳಿಯುವುದು ಅಪರೂಪ. ಮೀಟರಿನ ಸಂಖ್ಯೆ ಆ ವಿಷದ ಮಟ್ಟ; ಏರುತ್ತಿದೆಯೆಂದು ಮೊದಲೇ ಗೊತ್ತಾದರೆ ಉಳಿಸಿಕೊಳ್ಳಬಹುದು.

ಹಿರೇಗುಂಟನೂರಿನ ಕಡೆ ಕುರಿ ಸಾಕುವ ಅಜ್ಜಿಯೊಬ್ಬಳು ತನ್ನ ಹಿಂಡಿನ ಮೇಲೆ ಪರೀಕ್ಷೆಗೆ ಒಪ್ಪಿದಳು. ಎರಡು ಸಲ ನಾನೇ ಹೋಗಿ, ಕಿವಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಚುಚ್ಚಿ ತೋರಿಸಿದೆ. ನನ್ನ ವಿದ್ಯಾರ್ಥಿಗಳಿಗಿಂತ ಬೇಗ ಕಲಿತಳು. ಸಂಖ್ಯೆ ಏರಿದರೆ ಏನು ಮಾಡಬೇಕೆಂದು ಹೇಳಿಕೊಟ್ಟು, ಮೀಟರು, ಚಿಪ್ಪುಗಳು, ಒಂದು ಬಾಟಲಿ ಸ್ಪಿರಿಟ್ಟು, ಅಂಕಿ ಬರೆಯಲು ಒಂದು ನೋಟ್‌ಬುಕ್ಕು ಕೊಟ್ಟು ಬಂದೆ.

ಕೆಲವು ದಿನ ಎಲ್ಲ ಸರಿಯಿತ್ತು. ಆಮೇಲೆ ಫೋನು ಬಂತು.

"ಎಲ್ಲಾ ಕುರಿಗೂ ಕಾಯ್ಲೆ ಅಂತೈತೆ ಕಣವ್ವ ನಿನ್ನ ಮಿಷಿನ್ನು. ಅವು ನೋಡಿದ್ರೆ ಬೇಲಿ ಕಿತ್ಕಂಡು ಮೇಯ್ತಾ ಅವೆ."

ಮತ್ತೆ ಕೈಕೊಟ್ಟಿತು ಅಂದುಕೊಂಡೆ. ಕಿಣ್ವ ಬದಲಿಸಿದೆ, ಎಲೆಕ್ಟ್ರೋಡಿನ ಮೇಲಿನ ಪೊರೆ ಬದಲಿಸಿದೆ. ಲ್ಯಾಬಿನಲ್ಲಿ ತಪ್ಪೇ ಸಿಗಲಿಲ್ಲ. ಬಿಸಿಲನ್ನು ಬೈದೆ, ಧೂಳನ್ನು ಬೈದೆ, ಮನಸ್ಸಿನಲ್ಲೇ ಅಜ್ಜಿಯ ಕೈಯನ್ನೂ ಬೈದೆ. ಹೋಗಿ ನೋಡಬೇಕೆಂದು ಮಾತ್ರ ತೋಚಲಿಲ್ಲ. ಇಲ್ಲ, ತೋಚಿತ್ತು; ಬಸ್ಸು ಹತ್ತಲು ಮೈ ಬಗ್ಗಲಿಲ್ಲ.

ಒಂದು ಮಧ್ಯಾಹ್ನ ಉತ್ತರಪತ್ರಿಕೆಗಳ ರಾಶಿಯ ಮುಂದೆ ಕೂತಿದ್ದಾಗ ಮತ್ತೆ ಅಜ್ಜಿಯ ಫೋನು. "ಕಪ್ಪು ಮೂತಿ ಕುರೀದು ಬೇರೇವ್ಕಿಂತ ಜಾಸ್ತಿ ತೋರಿಸ್ತೈತೆ. ಬೆಳಗಿಂದ ಸರಿಯಾಗಿ ಮೇಯ್ತಿಲ್ಲ. ಏನ್ ಮಾಡ್ಲಿ?"

"ಆ ಮಿಷಿನ್ ಮಾತು ಬಿಡಿ ಅಜ್ಜಿ, ಅದು ಸುಳ್ಳು ಹೇಳ್ತಿದೆ. ಹೊಸದು ತರ್ತೀನಿ," ಅಂದೆ. ಮೇಯುತ್ತಿಲ್ಲ ಎಂಬ ಮಾತು ನನ್ನ ಕಿವಿಗೇ ಬೀಳಲಿಲ್ಲ. ಕೈಯಲ್ಲಿ ಕೆಂಪು ಪೆನ್ನು ಹಿಡಿದೇ ಮಾತಾಡಿದ್ದೆ.

ಮೂರನೇ ದಿನ ಆ ಕುರಿ ಸತ್ತಿತು, ಹೊಟ್ಟೆಯೊಳಗಿನ ಎರಡೂ ಮರಿಗಳ ಸಮೇತ.

ಆಗ ಹೋದೆ. ಅಜ್ಜಿ ಕುಡಿಯಲು ಮಜ್ಜಿಗೆ ಕೊಟ್ಟಳು. ದಿನಾ ಮಾಡುವ ಹಾಗೆಯೇ ಒಂದು ಕುರಿಯ ರಕ್ತ ನೋಡಿ ತೋರಿಸಿ ಅಂದೆ. ಅವಳು ಕುರಿಯನ್ನು ಮೊಣಕಾಲ ನಡುವೆ ಹಿಡಿದು, ಸೊಂಟದ ಚೀಲದಿಂದ ಅರಿಶಿನ ತೆಗೆದು ಕಿವಿಗೆ ದಪ್ಪಗೆ ಮೆತ್ತಿದಳು. ಆಮೇಲೆ ಚುಚ್ಚಿದಳು. ಹನಿ ಹಳದಿಯ ಮೂಲಕವೇ ಚಿಪ್ಪಿಗೆ ಇಳಿಯಿತು.

"ಇದ್ಯಾಕೆ ಅಜ್ಜಿ?"

"ನಿನ್ನ ಸ್ಪಿರಿಟ್ಟು ಮುಗೀತಲ್ಲ. ಗಬ್ಬದ ಕುರಿಗೆ ಕಬ್ಬಿಣ ತಾಕ್ಸೋಕ್ ಮುಂಚೆ ಅರಿಶಿನ ಹಚ್ದೆ ಇರಾಕಾಗುತ್ತಾ?"

ಎಲೆಕ್ಟ್ರೋಡಿಗೆ ಅರಿಶಿನ ಮುಟ್ಟಿದರೆ ಅದೂ ತನ್ನ ಪಾಲಿನ ಕರೆಂಟು ಕೊಡುತ್ತದೆ. ಅದು ನನಗೆ ಗೊತ್ತು, ಪಾಠವನ್ನೂ ಮಾಡಿದ್ದೇನೆ. ನೋಟ್‌ಬುಕ್ಕು ತೆರೆದೆ. ಎಲ್ಲ ಕುರಿಗಳ ಅಂಕಿಯೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಏರಿತ್ತು. ಅದು ಅರಿಶಿನದ ಲೆಕ್ಕ. ಒಂದೇ ಒಂದು ಅಂಕಿ ಅದರ ಎರಡರಷ್ಟಿತ್ತು. ಅದನ್ನು ಮುದ್ದಾದ ಅಕ್ಷರದಲ್ಲಿ ಬರೆದು, ಅಜ್ಜಿ ಕೆಳಗೆ ಗೆರೆ ಬೇರೆ ಎಳೆದಿದ್ದಳು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಮುಚ್ಚಿಡಬಹುದಿತ್ತು. ಮುಚ್ಚಿಡುವುದಕ್ಕೂ ತ್ರಾಣ ಇರಲಿಲ್ಲ. "ಅಜ್ಜಿ, ಕಪ್ಪು ಮೂತೀದು ಸುಳ್ಳಲ್ಲ, ನಿಜ ಇತ್ತು. ತಪ್ಪು ನನ್ನದು. ಅವತ್ತೇ ಬೆಲ್ಲದ ನೀರು ಕುಡಿಸಿ ಡಾಕ್ಟ್ರನ್ನ ಕರೆಸಿದ್ರೆ ಉಳೀತಿತ್ತೇನೋ," ಅಂದೆ.

ಅವಳು ಹಿಡಿದಿದ್ದ ಕುರಿಯನ್ನು ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡಳು.

"ಬೆಲ್ಲ ಕರಗಿಸಿ ಇಟ್ಕಂಡೇ ನಿಂಗೆ ಫೋನ್ ಮಾಡಿದ್ದು ಕಣವ್ವ. ನೀನು ಬಿಡಿ ಅಂದ್ಯಲ್ಲ, ಅದನ್ನ ಟೀಗೆ ಹಾಕ್ಕಂಡು ನಾವೇ ಕುಡುದ್ವಿ."