ಲಕ್ಷ್ಮಿಯ ಮುಂದಿಟ್ಟ ಫೋನು

ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ಹಣದ ಕಾನೂನು ಓದಿಕೊಂಡು ಶಿಡ್ಲಘಟ್ಟದಲ್ಲಿ ವಕೀಲಿಕೆಗೆ ಕೂತಾಗ ನಮ್ಮ ಸೀನಿಯರ್ ಬಿದ್ದು ಬಿದ್ದು ನಕ್ಕಿದ್ದರು. "ಪಹಣಿ ಇಲ್ಲ, ಚೆಕ್ಕುಬಂದಿ ಇಲ್ಲ, ಅದೆಂಥಾ ಆಸ್ತಿನಮ್ಮ? ಗೌರಿಬಿದನೂರಿಗೆ ಹೋಗಿ ನಿಮ್ಮಪ್ಪನ ಜಮೀನಿನ ಕೇಸು ನಡೆಸ್ಕೋ" ಎಂದಿದ್ದರು. ಅಪ್ಪನೂ ಅದನ್ನೇ ಹೇಳುತ್ತಿದ್ದರು. ಊರವರ ಕರಾರುಪತ್ರ ಬರೆದುಕೊಂಡು ಹಲ್ಲು ಕಚ್ಚಿ ಕೂತೆ.

ವರಮಹಾಲಕ್ಷ್ಮಿ ಹಬ್ಬದ ಮಾರನೆಯ ದಿನ ಜಂಗಮಕೋಟೆ ಕಡೆಯ ಹೆಂಗಸೊಬ್ಬರು ಬಂದರು. ರೇಷ್ಮೆಹುಳು ಸಾಕುವವರು. ಗೂಡು ಮಾರಿದ ದುಡ್ಡಿನಲ್ಲಿ, ತಾವೇ ಕಲಿತುಕೊಂಡು, ಸ್ವಲ್ಪ ಸ್ವಲ್ಪವಾಗಿ ಬಿಟ್‌ಕಾಯಿನ್ ಕೊಂಡಿದ್ದರು. ಅದು ಫೋನಿನ ವಾಲೆಟ್‌ನಲ್ಲಿತ್ತು. ಹಬ್ಬದ ದಿನ ಒಡವೆಯನ್ನೆಲ್ಲ ಕಳಶದ ಮುಂದೆ ಇಡುತ್ತೇವಲ್ಲ, ಹಾಗೆ ಇವರು ವಾಲೆಟ್ ತೆರೆದ ಫೋನಿಗೂ ಅರಿಶಿನ ಕುಂಕುಮ ಹಚ್ಚಿ ಇಟ್ಟಿದ್ದರು. ದೇವರ ಮುಂದಿನ ಬೆಳಕು ಆರಬಾರದೆಂದು ಸ್ಕ್ರೀನ್ ಆಫ್ ಆಗದಂತೆ, ಪಾಸ್‌ವರ್ಡ್ ಕೇಳದಂತೆ ಮಾಡಿದ್ದರು. ಸಂಜೆ ಬೀದಿಯ ಹೆಂಗಸರೆಲ್ಲ ಕುಂಕುಮಕ್ಕೆ ಬಂದು ಹೋದರು, ಅವರ ಜೊತೆ ನೆಂಟರಿಷ್ಟರೂ. ಆಮೇಲೆ ನೋಡಿದರೆ ಫೋನು ಇದ್ದಲ್ಲೇ ಇದೆ, ವಾಲೆಟ್ ಖಾಲಿ.

"ನಮ್ಮೆಜಮಾನ್ರು ನನ್ನನ್ನೇ ಬೈತಾವ್ರೆ ಮೇಡಮ್. ನಾನೇ ತೆರೆದಿಟ್ಟು, ಕರೆದು ಕೊಟ್ಟೆ ಅಂತೆ" ಎಂದರು.

ಬಿಟ್‌ಕಾಯಿನ್ ವಹಿವಾಟೆಲ್ಲ ದಾಖಲಾಗುವ ಬ್ಲಾಕ್‌ಚೈನಿನಲ್ಲಿ ಯಾವ ನಾಣ್ಯ ಎಲ್ಲಿಗೆ ಹೋಯಿತೆಂದು ಯಾರು ಬೇಕಾದರೂ ನೋಡಬಹುದು. ನೋಡಿದೆ. ಅದಿನ್ನೂ ಬಿಟ್‌ಕಾಯಿನ್ ಕೊಳ್ಳುವ ಮಾರುವ ಒಂದು ಎಕ್ಸ್‌ಚೇಂಜಿನ ಖಾತೆಯಲ್ಲೇ ಕೂತಿತ್ತು. ಪೊಲೀಸರಿಂದ ಒಂದು ಪತ್ರ ಹೋದರೆ ಆ ಖಾತೆಗೆ ಬೀಗ ಬೀಳುತ್ತದೆ. ತಡವಾದರೆ ಕೈತಪ್ಪಿದಂತೆಯೇ.

ಠಾಣೆಗೆ ಓಡಿದೆವು. ಅಲ್ಲಿದ್ದ ಅಧಿಕಾರಿ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಫೋನು ನಿಮ್ ಹತ್ರಾನೇ ಐತಲ್ಲಮ್ಮ, ಕಳುವಾಗಿದ್ದೇನು? ನೀವೇ ತೆರೆದಿಟ್ಟು ಕಳ್ಳ ಬಂದ ಅಂದ್ರೆ?" ದೂರು ಬರೆದುಕೊಳ್ಳಲಿಲ್ಲ. ಮರುದಿನವೂ ಇಲ್ಲ. ಮೇಲಧಿಕಾರಿಗೆ ಅರ್ಜಿ ಕೊಟ್ಟರೆ "ನೋಡೋಣ" ಎಂದರು. ಮೈಯೆಲ್ಲ ಉರಿದುಹೋಯಿತು. ನೋಡುವುದೇನು? ಕದ್ದ ಮಾಲು ಕಣ್ಣೆದುರೇ ಇತ್ತು, ನಾನು ದಿನಾ ನೋಡುತ್ತಿದ್ದೆ!

ಕೋರ್ಟಿಗೆ ಹೋದೆ. ಠಾಣೆಯಿಂದ ಬಂದ ವರದಿಯಲ್ಲೂ ಅದೇ ರಾಗ: ಆಕೆಯೇ ತೆರೆದಿಟ್ಟದ್ದು, ಆಕೆಯದೇ ನಿರ್ಲಕ್ಷ್ಯ. ಗುರುತು ಹಾಕಿಕೊಂಡು ಹೋಗಿದ್ದ ತೀರ್ಪುಗಳನ್ನೆಲ್ಲ ಪಕ್ಕಕ್ಕಿಟ್ಟೆ.

"ಮಹಾಸ್ವಾಮಿ, ಆ ಸಂಜೆ ಈ ತಾಲ್ಲೂಕಿನ ಯಾವ ಮನೆಯ ಬಾಗಿಲು ಹಾಕಿತ್ತು? ಯಾವ ಮನೆಯಲ್ಲಿ ಸರ, ಬಳೆ ದೇವರ ಮುಂದೆ ಇರಲಿಲ್ಲ? ಕುಂಕುಮಕ್ಕೆ ಬಂದವರು ಸರ ಎತ್ತಿಕೊಂಡು ಹೋದರೆ, ಕಾಣುವ ಹಾಗೆ ಯಾಕಿಟ್ಟೆ ಅಂತ ಮನೆಯಾಕೆಯನ್ನ ಕೇಳ್ತೀವಾ?"

ದನಿ ಏರಿಬಿಟ್ಟಿತ್ತು. ನ್ಯಾಯಾಧೀಶರು ಮೆಲ್ಲಗೆ ಎಂದು ಕೈಸನ್ನೆ ಮಾಡಿದರು. ಹಿಂದಿನ ಬೆಂಚಿನಲ್ಲಿದ್ದ ಸೀನಿಯರ್ ಈ ಸಲ ನಗಲಿಲ್ಲ.

ಕೇಸು ದಾಖಲಿಸಿ ಎಂದು ಆದೇಶವಾಯಿತು. ಪೊಲೀಸರ ಪತ್ರವೂ ಹೋಯಿತು. ಆದರೆ ಪತ್ರ ಹೋಗುವ ಹಿಂದಿನ ಸಂಜೆಯೇ ಯಾರೋ ಆ ಖಾತೆಯನ್ನು ಬರಿದು ಮಾಡಿ ವಿದೇಶಕ್ಕೆ ಸಾಗಿಸಿದ್ದರು. ಈಗ ಚಿಂತಾಮಣಿ, ಮಂಚೇನಹಳ್ಳಿಯಿಂದಲೂ ಇಂಥ ಕೇಸುಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ, ಸೀನಿಯರೇ ಕಳಿಸುತ್ತಾರೆ. ಅವತ್ತಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಆದೇಶದ ಪ್ರತಿ ಕೊಡಲು ಆಕೆಯ ಮನೆಗೆ ನಾನೇ ಹೋಗಿದ್ದೆ. ಹೋದದ್ದು ಸಿಗುವುದಿಲ್ಲ ಎಂದು ಹೇಗೋ ಹೇಳಿ ಮುಗಿಸಿದೆ. ಆಕೆ ಆದೇಶದ ಪ್ರತಿಯ ಮೇಲೆ ಬೆರಳಿಟ್ಟರು.

"ನಂದೇ ತಪ್ಪು ಅಂತ ಇದ್ರಲ್ಲಿ ಬರ್ದವ್ರಾ?"

"ಇಲ್ಲಮ್ಮ. ದೇವರ ಮುಂದೆ ಇಟ್ಟಿದ್ದು ಕೊಟ್ಟ ಹಾಗಲ್ಲ, ಇದು ಕಳ್ಳತನ ಅಂತ ಬರ್ದಿದಾರೆ."

ಆಕೆ ಒಳಗಿದ್ದ ಗಂಡನನ್ನು ಕರೆದು ಜಗಲಿಯ ಮೇಲೆ ಕೂರಿಸಿದರು. ಎದುರು ಮನೆಯ ಬಾಗಿಲು ತೆರೆದಿತ್ತು.

"ಓದಿ ಮೇಡಮ್. ಗಟ್ಟಿಯಾಗಿ ಓದಿ. ಅವತ್ತು ಕುಂಕುಮಕ್ಕೆ ಬಂದಿದ್ದೋರ್ಗೂ ಕೇಳ್ಲಿ."

ನಾನು ಎದ್ದು ನಿಂತು ಓದಿದೆ.