ಗುಡ್ಡ ಹತ್ತುವ ನಿಡಿಯಾ

ಮೆಡೆಲಿನ್ ನಗರದಲ್ಲಿ ವಿಶ್ವವಿದ್ಯಾಲಯದ ಗೇಟಿನೆದುರು ಜೆರಾಕ್ಸ್ ಮಾಡುವ ನಾನು ನೂರಾರು ಪ್ರಬಂಧಗಳ ಪ್ರತಿ ತೆಗೆದು ಪೆದ್ದನಾಗಿಯೇ ಉಳಿದವನು, ಆದರೂ ಸಮಾಜ ಮನೋವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿನಿ ನಿಡಿಯಾ "ಏನ್ ಡಾಕ್ಟರೇ, ಮಷೀನು ಬಿಸಿಯಾಯ್ತಾ?" ಎಂದೇ ಮಾತಾಡಿಸುತ್ತಾಳೆ. ಬಸ್ಸಿನಲ್ಲಿ ಯಾರು ಯಾರ ಪಕ್ಕ ಕೂರುತ್ತಾರೆಂದು ನೋಡುತ್ತ ತನ್ನ ಸ್ಟಾಪನ್ನೇ ದಾಟಿಹೋಗುವವಳು, ಸಾವಿನ ಮನೆಯಲ್ಲೂ ಯಾವ ಕುರ್ಚಿ ಯಾವುದರಿಂದ ದೂರ ಸರಿದಿದೆಯೆಂದು ಗಮನಿಸುವವಳು. ನೆರೆಹೊರೆಯವರ ನಡುವಿನ ನಂಬಿಕೆ ಎಷ್ಟೆಂದು ತಿಳಿಯಲು ತನ್ನ ಪ್ರಬಂಧಕ್ಕಾಗಿ ಗುಡ್ಡದ ಮೇಲಿನ ಬಡಾವಣೆಯಲ್ಲಿ ಮುನ್ನೂರು ಪ್ರಶ್ನಾವಳಿ ಹಂಚಿದಳು. ಪ್ರತಿ ಸಾಲಿಗೂ ಒಂದರಿಂದ ಐದರೊಳಗೆ ಒಂದು ಅಂಕಿ ಬರೆಯಬೇಕು. ನಮ್ಮ ಶಾಲೆಗಳಲ್ಲಿ ಐದೆಂದರೆ ಪೂರ್ಣಾಂಕ, ಹಾಗಾಗಿ ಎಲ್ಲರೂ ಎಲ್ಲದಕ್ಕೂ ಐದು ಹಾಕಿದ್ದರು. "ಬಿಸಿಲಲ್ಲಿ ಹತ್ಕೊಂಡ್ ಬಂದಿದ್ದೀಯ ಮಗಳೇ, ನಿನ್ನ ಫೇಲ್ ಮಾಡೋಕಾಗುತ್ತಾ?" ಎಂದಳಂತೆ ಉಬಾಲ್ಡಿನಾ ಎಂಬ ಅಜ್ಜಿ. ನಾನಾಗಿದ್ದರೆ ಅದನ್ನೇ ಸಲ್ಲಿಸಿ ಪದವಿ ಪಡೆಯುತ್ತಿದ್ದೆ. ಅವಳು ಒಂದು ವರ್ಷ ಅವರ ಅಡುಗೆಮನೆಗಳಲ್ಲಿ ಕಾಳು ಬಿಡಿಸುತ್ತ, ಕೇಳಿಸಿಕೊಳ್ಳುತ್ತ ಕೂತು ಪ್ರಬಂಧವನ್ನು ಹೊಸದಾಗಿ ಬರೆದಳು. ಬರೆದದ್ದನ್ನು ಹೇಳಿದವರಿಗೇ ಮೊದಲು ಓದಿ ಕೇಳಿಸುವುದು ಅವಳ ವಿದ್ಯೆಯಲ್ಲಿ ಪದ್ಧತಿ. ಸಲ್ಲಿಸುವ ದಿನ ಬಂದವಳು ಕಂತೆಯಿಂದ ನಲವತ್ತು ಪುಟ ತೆಗೆದು, "ಇವು ಬಿಟ್ಟು ಪ್ರತಿ ತೆಗಿ" ಎಂದಳು. ಉಬಾಲ್ಡಿನಾ ತನ್ನ ಕಾಣೆಯಾದ ಮಗನ ಬಗ್ಗೆ ಹೇಳಿದ್ದೆಲ್ಲ ಅವುಗಳಲ್ಲಿತ್ತು. "ಇವಿಲ್ದೆ ಪಾಸ್ ಮಾಡ್ತಾರಾ?" ಎಂದೆ. "ಡೌಟೇ. ಆದ್ರೆ ಅಜ್ಜಿ ಬೇಡ ಅಂದ್ರು. ಅವನು ವಾಪಸ್ ಬಂದ್ರೆ, ಊರಿಗೆಲ್ಲ ಹೇಳ್ಬಿಟ್ಯಲ್ಲಮ್ಮಾ ಅಂತ ನೊಂದ್ಕೋತಾನಂತೆ." ಆಮೇಲೆ ಆ ಪುಟಗಳಿಗೆ ಮಾತ್ರ ಗಟ್ಟಿ ರಟ್ಟು ಹಾಕಿಸಿ, ಸಲ್ಲಿಸಬೇಕಿದ್ದ ಪ್ರಬಂಧವನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು, ಮೊದಲು ಅವನ್ನು ಅಜ್ಜಿಯ ಕೈಗೆ ಕೊಟ್ಟುಬರಲು ಹೊರಟಳು.